ಎಂಟು ಜನ, ಮೂರು ಉತ್ತರ: ಕುಟುಂಬದ ಅಂಕಿಅಂಶಗಳಲ್ಲಿ ಅಡಗಿರುವ ಊಹೆಗಳನ್ನು ಪರೀಕ್ಷಿಸುವುದು ಹೇಗೆ?

ನಾಲ್ಕು ಮನೆಗಳಿವೆ ಅಂದುಕೊಳ್ಳಿ. ಪ್ರತಿ ಮನೆಯಿಂದ ಇಬ್ಬರು ಒಡಹುಟ್ಟಿದವರ ಎತ್ತರ ಅಳೆದಿದ್ದೇವೆ. ಸೆಂಟಿಮೀಟರ್ ಲೆಕ್ಕದಲ್ಲಿ ಮೊದಲ ಮನೆಯವರು 174 ಮತ್ತು 166, ಎರಡನೆಯ ಮನೆಯವರು 160 ಮತ್ತು 164, ಮೂರನೆಯ ಮನೆಯವರು 170 ಮತ್ತು 178, ನಾಲ್ಕನೆಯ ಮನೆಯವರು 168 ಮತ್ತು 164. ಇವು ಕೈಲೆಕ್ಕಕ್ಕೆ ಒಗ್ಗಲಿ ಎಂದು ನಾನೇ ಕಟ್ಟಿದ ಅಂಕಿಗಳು. ಕೇಳಬೇಕಾದ್ದು ಇಷ್ಟೇ: ಒಡಹುಟ್ಟಿದವರ ಎತ್ತರ ಒಂದಕ್ಕೊಂದು ಎಷ್ಟು ಹೊಂದುತ್ತದೆ?

ಮೇಲೆ ಬರೆದ ಕ್ರಮದಲ್ಲೇ ಮೊದಲನೆಯವರನ್ನು ಒಂದು ಕಾಲಮ್ಮಿಗೂ ಎರಡನೆಯವರನ್ನು ಇನ್ನೊಂದು ಕಾಲಮ್ಮಿಗೂ ಹಾಕಿ ಸಹಸಂಬಂಧ ತೆಗೆದರೆ 0.34 ಬರುತ್ತದೆ. ಈಗ ಸಣ್ಣದೊಂದು ಬದಲಾವಣೆ. ಪ್ರತಿ ಮನೆಯಲ್ಲೂ ಎತ್ತರದವರನ್ನು ಮೊದಲ ಕಾಲಮ್ಮಿಗೆ, ಕುಳ್ಳಗಿರುವವರನ್ನು ಎರಡನೆಯದಕ್ಕೆ ಹಾಕಿ ನೋಡಿ. ಉತ್ತರ 0.98! ಅದೇ ಎಂಟು ಜನ, ಅದೇ ಎಂಟು ಅಳತೆ. ಯಾರೂ ಒಂದು ಮಿಲಿಮೀಟರ್ ಬೆಳೆದಿಲ್ಲ.

"ಈ ಕಾಯಿಲೆ ಶೇಕಡಾ ಇಷ್ಟು ಆನುವಂಶಿಕ", "ಆ ಗುಣ ತಾಯಿಯಿಂದಲೇ ಹೆಚ್ಚು ಬರುತ್ತದೆ" ಎಂಬಂಥ ಸುದ್ದಿಗಳು ಈಗ ಆಗಾಗ ಕಣ್ಣಿಗೆ ಬೀಳುತ್ತವೆ. ಅವುಗಳ ಬುಡದಲ್ಲಿ ಸಾಮಾನ್ಯವಾಗಿ ಇರುವುದು ಕುಟುಂಬಗಳಿಂದ ಕಲೆಹಾಕಿದ ಅಳತೆಗಳು, ಆ ಅಳತೆಗಳ ನಡುವಿನ ಸಹಸಂಬಂಧಗಳು, ಜೊತೆಗೆ ಆ ಸಹಸಂಬಂಧಗಳ ಬಗ್ಗೆ ಮೊದಲೇ ಮಾಡಿಕೊಂಡ ಕೆಲವು ಊಹೆಗಳು. ಸುದ್ದಿಯಲ್ಲಿ ಅಂಕಿ ಬರುತ್ತದೆ, ಊಹೆ ಬರುವುದಿಲ್ಲ. ಈ ಲೇಖನ ಊಹೆಗಳ ಕುರಿತದ್ದು.

## ಸಹಸಂಬಂಧ ಅಂದರೆ ಏನು, ಏನಲ್ಲ

ಸಹಸಂಬಂಧಾಂಕ –1ರಿಂದ +1ರವರೆಗಿನ ಒಂದು ಸಂಖ್ಯೆ. ಒಬ್ಬರು ತಮ್ಮ ಗುಂಪಿನ ಸರಾಸರಿಗಿಂತ ಮೇಲಿದ್ದಾಗ ಅವರ ಜೋಡಿಯೂ ತಮ್ಮ ಗುಂಪಿನ ಸರಾಸರಿಗಿಂತ ಮೇಲಿರುವ ಒಲವಿದ್ದರೆ ಅದು ಸೊನ್ನೆಗಿಂತ ಹೆಚ್ಚು. ಒಬ್ಬರು ಮೇಲಿದ್ದಾಗ ಇನ್ನೊಬ್ಬರು ಕೆಳಗಿರುವ ಒಲವಿದ್ದರೆ ಸೊನ್ನೆಗಿಂತ ಕಡಿಮೆ. ಒಂದರಿಂದ ಇನ್ನೊಂದರ ಸುಳಿವೇ ಸಿಗದಿದ್ದರೆ ಸೊನ್ನೆಯ ಆಸುಪಾಸು.

"ತಮ್ಮ ಗುಂಪಿನ ಸರಾಸರಿ" ಎಂಬ ಮಾತನ್ನು ಗಮನಿಸಿ. ತಂದೆ ಮತ್ತು ಮಗಳ ಎತ್ತರದ ಸಹಸಂಬಂಧ 0.5 ಎಂದರೆ ಮಗಳು ತಂದೆಯ ಅರ್ಧ ಎತ್ತರ ಇದ್ದಾಳೆ ಎಂದಲ್ಲ, ಶೇಕಡಾ 50ರಷ್ಟು ಮಕ್ಕಳು ತಂದೆಯನ್ನು ಹೋಲುತ್ತಾರೆ ಎಂದೂ ಅಲ್ಲ. ತಂದೆಯರ ನಡುವೆ ಇವರೆಲ್ಲಿ ನಿಲ್ಲುತ್ತಾರೆ, ಹೆಣ್ಣುಮಕ್ಕಳ ನಡುವೆ ಇವಳೆಲ್ಲಿ ನಿಲ್ಲುತ್ತಾಳೆ, ಆ ಎರಡು ಸ್ಥಾನಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬುದಷ್ಟೇ ಅದರ ಅರ್ಥ.

## ಒಡಹುಟ್ಟಿದವರಲ್ಲಿ 'ಮೊದಲನೆಯವರು' ಯಾರು?

ತಂದೆ–ಮಗಳ ಜೋಡಿಯಲ್ಲಿ ಯಾರನ್ನು ಯಾವ ಕಾಲಮ್ಮಿಗೆ ಹಾಕಬೇಕೆಂಬ ಗೊಂದಲವೇ ಇಲ್ಲ. ಇದು ಎರಡು ಬೇರೆ ವರ್ಗಗಳ ನಡುವಿನ ಸಹಸಂಬಂಧ. ಒಡಹುಟ್ಟಿದವರ ಮಟ್ಟಿಗೆ ಹಾಗಲ್ಲ, ಇಬ್ಬರೂ ಒಂದೇ ವರ್ಗದವರು. ಇಲ್ಲಿ ಕಾಲಮ್ಮುಗಳ ಕ್ರಮ ನಾವು ಹೇರಿದ್ದು. ಎಂಟು ಜನರ ಆಟದಲ್ಲಿ ನಾವು ಎಡವಿದ್ದು ಅಲ್ಲೇ. ಎತ್ತರದವರು ಮೊದಲು ಎಂಬ ಕ್ರಮವೇ ಉತ್ತರವನ್ನು 0.98ಕ್ಕೆ ಎತ್ತಿ ಕೂರಿಸಿತು.

ಇದಕ್ಕೆ ಬೇಕಾದ್ದು ವರ್ಗದ ಒಳಗಿನ ಸಹಸಂಬಂಧ. ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಇದನ್ನು ಮನೆಗಳ ನಡುವಿನ ಏರುಪೇರು ಮತ್ತು ಮನೆಯೊಳಗಿನ ಏರುಪೇರು ಎಂಬ ಎರಡು ಪಾಲುಗಳ ಭಾಷೆಯಲ್ಲಿ ವಿವರಿಸಿದರು. ನಮ್ಮ ನಾಲ್ಕು ಮನೆಗಳ ಮೇಲೇ ಇದನ್ನು ಮಾಡಿ ನೋಡೋಣ.

ಮನೆಗಳ ಸರಾಸರಿ 170, 162, 174, 166. ಒಟ್ಟು ಸರಾಸರಿ 168. ಮನೆಗಳು ಅದರಿಂದ 2, –6, 6, –2ರಷ್ಟು ದೂರ. ಈ ದೂರಗಳ ವರ್ಗಗಳನ್ನು, ಅಂದರೆ ಪ್ರತಿಯೊಂದನ್ನೂ ಅದರಿಂದಲೇ ಗುಣಿಸಿದಾಗ ಬರುವುದನ್ನು, ಕೂಡಿದರೆ 80. ಮನೆಗೆ ಇಬ್ಬರಿರುವುದರಿಂದ ಎರಡರಿಂದ ಗುಣಿಸಿ 160. ನಾಲ್ಕು ಮನೆ, ಅಂದರೆ ಮೂರು ಸ್ವತಂತ್ರ ವ್ಯತ್ಯಾಸಗಳು. 160ನ್ನು ಮೂರರಿಂದ ಭಾಗಿಸಿದರೆ ಮನೆಗಳ ನಡುವಿನ ಏರುಪೇರು 53.3. ಇನ್ನು ಮನೆಯೊಳಗೆ ಇಬ್ಬರ ಅಂತರ 8, 4, 8, 4. ಅಂತರದ ವರ್ಗದ ಅರ್ಧವನ್ನು ಕೂಡಿದರೆ 32, 8, 32, 8 ಸೇರಿ 80. ನಾಲ್ಕರಿಂದ ಭಾಗಿಸಿದರೆ 20. ಈಗ 53.3ರಿಂದ 20 ಕಳೆದು, ಎರಡರ ಮೊತ್ತ 73.3ರಿಂದ ಭಾಗಿಸಿ. ಉತ್ತರ ಸುಮಾರು 0.45. ಯಾರನ್ನು ಮೊದಲು ಬರೆದರೂ, ಯಾರನ್ನು ಆಮೇಲೆ ಬರೆದರೂ ಇದು ಕದಲುವುದಿಲ್ಲ.

ಅಲ್ಲಿಗೆ ಮೂರು ಉತ್ತರಗಳಾದವು: 0.34, 0.98, 0.45. ಒಡಹುಟ್ಟಿದವರು ಅದಲುಬದಲಾದರೂ ವ್ಯತ್ಯಾಸವಿಲ್ಲ ಎಂಬ ಊಹೆಗೆ ಹೊಂದುವುದು ಕೊನೆಯದು ಮಾತ್ರ. ಆ ಊಹೆ ಕೂಡ ಪುಕ್ಕಟೆಯಾಗಿ ಸಿಗುವುದಿಲ್ಲ. ಅಕ್ಕ, ತಮ್ಮ, ಅಣ್ಣ, ತಂಗಿ ಎಲ್ಲರ ಸರಾಸರಿ ಒಂದೇ, ಏರುಪೇರೂ ಒಂದೇ ಎಂದು ಅದು ಒಳಗೊಳಗೇ ಹೇಳುತ್ತಿದೆ. ಗಂಡು ಹೆಣ್ಣು ಬೆರೆತಾಗ ಎತ್ತರದ ವಿಷಯದಲ್ಲಿ ಇದು ಸುಳ್ಳು. ಅದಕ್ಕೇ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ಕುಟುಂಬಗಳ 928 ವಯಸ್ಕ ಮಕ್ಕಳ ಎತ್ತರವನ್ನು ವಿಶ್ಲೇಷಿಸುವಾಗ ಹೆಂಗಸರ ಎತ್ತರವನ್ನೆಲ್ಲ 1.08ರಿಂದ ಗುಣಿಸಿಕೊಂಡಿದ್ದರು. ಒರಟು ಉಪಾಯ, ಆದರೆ ಸಮಸ್ಯೆ ಎಲ್ಲಿದೆ ಎಂಬುದು ಅವರ ಕಣ್ಣಿಗೆ ಬಿದ್ದಿತ್ತು.

## ಎರಡು ಸಾವಿರ ಜನ ಎಂಟುನೂರಾಗುವ ಬಗೆ

ಸಹಸಂಬಂಧವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ? ಪಾಠಪುಸ್ತಕದ ಹೆಚ್ಚಿನ ಪರೀಕ್ಷೆಗಳು ಪ್ರತಿಯೊಬ್ಬ ವ್ಯಕ್ತಿಯೂ ಹೊಸ ಮಾಹಿತಿ ತರುತ್ತಾನೆ ಎಂದು ನಂಬಿ ಹೊರಡುತ್ತವೆ. ಒಂದೇ ಸುದ್ದಿಯನ್ನು ಒಂದೇ ಮನೆಯ ನಾಲ್ವರಿಂದ ಕೇಳಿದರೆ ನಾಲ್ಕು ಸಾಕ್ಷಿ ಸಿಕ್ಕಂತಲ್ಲ, ಒಂದೂವರೆಯೋ ಎರಡೋ ಸಿಕ್ಕಂತೆ. ಕುಟುಂಬದ ಅಳತೆಗಳೂ ಹಾಗೇ.

ಇದಕ್ಕೊಂದು ಸರಳ ಸೂತ್ರವಿದೆ. ಮನೆಗೆ m ಜನ, ಅವರೊಳಗಿನ ಸಹಸಂಬಂಧ r ಆದರೆ, ಇಡೀ ಗುಂಪಿನ ಸರಾಸರಿಯ ಅನಿಶ್ಚಿತತೆ, ವೇರಿಯನ್ಸ್ (ಸರಾಸರಿಯಿಂದ ಇರುವ ದೂರಗಳ ವರ್ಗಗಳ ಸರಾಸರಿ) ಲೆಕ್ಕದಲ್ಲಿ, 1 + (m – 1) × r ಪಟ್ಟು ಹಿಗ್ಗುತ್ತದೆ. 500 ಮನೆ, ಮನೆಗೆ ನಾಲ್ವರು ಒಡಹುಟ್ಟಿದವರು, ಸಹಸಂಬಂಧ 0.5 ಎನ್ನಿ. ಹಿಗ್ಗುವುದು 2.5 ಪಟ್ಟು. ಕಾಗದದ ಮೇಲೆ 2,000 ಜನ ಇದ್ದರೂ ಮಾಹಿತಿಯ ತೂಕ ಸಂಬಂಧವೇ ಇಲ್ಲದ 800 ಜನರಷ್ಟು. ಇದನ್ನು ಮರೆತವರಿಗೆ ಇಲ್ಲದ ಪರಿಣಾಮಗಳು ಕಾಣಿಸತೊಡಗುತ್ತವೆ.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡಬೇಕು, ಏಕೆಂದರೆ ಬಹಳ ಕಡೆ ಇದನ್ನು ಬಿಟ್ಟುಬಿಡುತ್ತಾರೆ. ಮನೆಯೊಳಗೇ ಹೋಲಿಕೆ ಮಾಡುವುದಾದರೆ, ಉದಾಹರಣೆಗೆ ಒಬ್ಬ ಒಡಹುಟ್ಟಿದವರಿಗೆ ಒಂದು ಔಷಧ, ಇನ್ನೊಬ್ಬರಿಗೆ ಬೇರೆಯದು, ಆಗ ಇದೇ ಸಹಸಂಬಂಧ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಇಬ್ಬರಿಗೂ ಸಮಾನವಾದದ್ದು ಕಳೆಯುವಾಗ ರದ್ದಾಗಿ, ಅಂತರ ಹೆಚ್ಚು ನಿಖರವಾಗುತ್ತದೆ. ಆದ್ದರಿಂದ r ಎಷ್ಟು ಎಂಬುದು ತಪ್ಪಾದರೆ ಒಂದು ಕಡೆ ಅತಿ ಧೈರ್ಯ, ಇನ್ನೊಂದು ಕಡೆ ಅತಿ ಅಂಜಿಕೆ.

## ಊಹೆಗಳು ಎಲ್ಲೆಲ್ಲಿ ಕುಳಿತಿರುತ್ತವೆ

ವಂಶವಾಹಿಗಳ ಸರಳ ಮಾದರಿ ಕೆಲವು ಅನುಪಾತಗಳನ್ನು ಕೊಡುತ್ತದೆ. ಪ್ರತಿ ವಂಶವಾಹಿಯ ಪರಿಣಾಮ ಒಂದರ ಮೇಲೊಂದು ಕೂಡುತ್ತ ಹೋಗುತ್ತದೆ, ಪರಿಸರಕ್ಕೆ ಕುಟುಂಬದ ಹಂಗಿಲ್ಲ, ಗಂಡ ಹೆಂಡತಿ ಈ ಗುಣದ ಮಟ್ಟಿಗೆ ಕಾಕತಾಳೀಯವಾಗಿ ಜೊತೆಯಾದವರು ಎಂದಿಟ್ಟುಕೊಂಡರೆ ಪೋಷಕ–ಮಗು ಹಾಗೂ ಒಡಹುಟ್ಟಿದವರ ಪಾಲು ½, ಅಜ್ಜ–ಮೊಮ್ಮಗು ಮತ್ತು ಒಬ್ಬ ಪೋಷಕರನ್ನಷ್ಟೇ ಹಂಚಿಕೊಂಡ ಮಕ್ಕಳ ಪಾಲು ¼, ತಂದೆತಾಯಿಯರ ಒಡಹುಟ್ಟಿದವರ ಮಕ್ಕಳ ನಡುವೆ ⅛, ಸಮರೂಪ ಅವಳಿಗಳಿಗೆ 1, ಗಂಡ ಹೆಂಡತಿಗೆ 0. ಗುಣ ಎಷ್ಟು ಆನುವಂಶಿಕವೋ ಅದರಿಂದ ಇವುಗಳನ್ನು ಗುಣಿಸಿದರೆ ನಿರೀಕ್ಷಿತ ಸಹಸಂಬಂಧ.

ಈ ವಾಕ್ಯದಲ್ಲಿ ಎಷ್ಟು 'ಎಂದಿಟ್ಟುಕೊಂಡರೆ'ಗಳಿವೆ ಎಣಿಸಿ. ಇವಲ್ಲದೆ ಲೆಕ್ಕ ಹಗುರವಾಗಲೆಂದು ಸೇರಿಸಿಕೊಳ್ಳುವ ಊಹೆಗಳೂ ಇವೆ. ಅಪ್ಪನ ಜೊತೆಗಿನ ಸಹಸಂಬಂಧವೂ ಅಮ್ಮನ ಜೊತೆಗಿನದೂ ಒಂದೇ. ಅಣ್ಣ–ತಮ್ಮ, ಅಕ್ಕ–ತಂಗಿ, ಅಣ್ಣ–ತಂಗಿ ಎಲ್ಲ ಜೋಡಿಗಳೂ ಸಮಾನ. ಇಬ್ಬರು ಮಕ್ಕಳ ಮನೆಗೂ ಆರು ಮಕ್ಕಳ ಮನೆಗೂ ಒಂದೇ r. ಇವೆಲ್ಲ ನಿಜ ಇರಬಹುದು, ಇಲ್ಲದೆಯೂ ಇರಬಹುದು. ಅಂಕಿಅಂಶ ಕೈಯಲ್ಲಿರುವಾಗ ನಂಬಿ ಕೂರುವುದೇಕೆ, ಕೇಳಿ ನೋಡಬಹುದಲ್ಲ.

## ಗಾದೆಯನ್ನೇ ಪರೀಕ್ಷೆಗೆ ಒಡ್ಡಿದರೆ

"ನೂಲಿನಂತೆ ಸೀರೆ, ತಾಯಿಯಂತೆ ಮಗಳು." ಸಂಖ್ಯಾಶಾಸ್ತ್ರದ ಕಣ್ಣಿಗೆ ಇದು ಪರೀಕ್ಷಿಸಬಹುದಾದ ಹೇಳಿಕೆ: ತಾಯಿ–ಮಗಳ ಸಹಸಂಬಂಧ ಉಳಿದ ಮೂರಕ್ಕಿಂತ, ಅಂದರೆ ತಾಯಿ–ಮಗ, ತಂದೆ–ಮಗಳು, ತಂದೆ–ಮಗ ಇವುಗಳಿಗಿಂತ, ಹೆಚ್ಚು. ಇದಕ್ಕೆ ಎದುರಾಗಿ ನಿಲ್ಲಿಸುವ ಊಹೆ: ನಾಲ್ಕೂ ಸಮಾನ.

ಎತ್ತರದ ಬಗ್ಗೆ ಇದಕ್ಕೆ ಹಳೆಯದೊಂದು ಉತ್ತರವಿದೆ. ಕಾರ್ಲ್ ಪಿಯರ್ಸನ್ ಮತ್ತು ಆಲಿಸ್ ಲೀ 1903ರಲ್ಲಿ ಸಾವಿರಕ್ಕೂ ಹೆಚ್ಚು ಇಂಗ್ಲಿಷ್ ಕುಟುಂಬಗಳ ಅಳತೆಗಳನ್ನು ಪ್ರಕಟಿಸಿದರು. ನಾಲ್ಕೂ ಸಹಸಂಬಂಧಗಳು 0.49ರಿಂದ 0.51ರ ನಡುವೆ ಒತ್ತೊತ್ತಾಗಿ ಕುಳಿತಿದ್ದವು. ಸಾವಿರ ಜೋಡಿಗಳಿದ್ದಾಗ ಇಂಥ ಒಂದು ಸಹಸಂಬಂಧದಲ್ಲಿ ಆಕಸ್ಮಿಕವಾಗಿ ಬರುವ ಅಲುಗಾಟವೇ ಸುಮಾರು 0.02. ಆದ್ದರಿಂದ ಎತ್ತರದ ವಿಷಯದಲ್ಲಿ ಗಾದೆಗೆ ಅಲ್ಲಿ ಆಸರೆ ಸಿಗಲಿಲ್ಲ. (ಗಾದೆ ಎತ್ತರದ ಬಗ್ಗೆ ಹುಟ್ಟಿದ್ದಲ್ಲ ಬಿಡಿ.)

ಅದೇ ಅಳತೆಗಳಲ್ಲಿ ಇನ್ನೊಂದು ಊಹೆ ಮಾತ್ರ ಮುರಿದು ಬಿತ್ತು. ಗಂಡ ಹೆಂಡತಿಯರ ಎತ್ತರದ ಸಹಸಂಬಂಧ ಸೊನ್ನೆ ಇರಲಿಲ್ಲ, 0.28 ಇತ್ತು. ಅಲುಗಾಟದ ಅಳತೆ 0.03ರಷ್ಟೇ ಇರುವಾಗ ಇದು ಸೊನ್ನೆಯಿಂದ ಒಂಬತ್ತು ಪಟ್ಟು ದೂರ. ಎತ್ತರದವರು ಎತ್ತರದವರನ್ನೇ ಮದುವೆಯಾಗುವ ಒಲವು ಅಲ್ಲಿ ಎದ್ದು ಕಾಣುತ್ತಿತ್ತು. ಹಾಗಾದಾಗ ಮಕ್ಕಳಿಗೆ ಎರಡೂ ಕಡೆಯಿಂದ ಒಂದೇ ದಿಕ್ಕಿನ ವಂಶವಾಹಿಗಳು ಬರುತ್ತವೆ, ½, ¼ ಎಂಬ ಅಚ್ಚುಕಟ್ಟಾದ ಅನುಪಾತಗಳು ಜರುಗುತ್ತವೆ.

ಇಂಥ ಹೋಲಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಎರಡು ಬೇರೆ ಬೇರೆ ಜನಸಮೂಹಗಳ ಸಹಸಂಬಂಧಗಳನ್ನು ಹೋಲಿಸಲು ಫಿಶರ್ ಕೊಟ್ಟ z ರೂಪಾಂತರದ ಪರೀಕ್ಷೆ ಸಾಕು. ಆದರೆ ತಾಯಿ–ಮಗಳು ಮತ್ತು ತಂದೆ–ಮಗಳು ಎರಡರಲ್ಲೂ ಇರುವುದು ಅದೇ ಮಗಳು. ಅವಳ ಅಳತೆ ಸ್ವಲ್ಪ ಹೆಚ್ಚುಕಮ್ಮಿಯಾದರೆ ಎರಡೂ ಸಹಸಂಬಂಧಗಳು ಕೂಡಿಯೇ ಅಲುಗುತ್ತವೆ. ಸಹಸಂಬಂಧಗಳ ನಡುವೆಯೇ ಸಹಸಂಬಂಧ! ಹೆರಾಲ್ಡ್ ಹೊಟೆಲಿಂಗ್ 1940ರಲ್ಲೇ ಇಂಥ ಹೋಲಿಕೆಗೆ ಬೇರೆಯೇ ಪರೀಕ್ಷೆ ರೂಪಿಸಿದ್ದು ಈ ಕಾರಣಕ್ಕೆ. ನಂತರ ಬಂದವರು ಅದನ್ನು ತಿದ್ದಿ ಸುಧಾರಿಸಿದರು.

ಮನೆಗಳ ಗಾತ್ರ ಬೇರೆಬೇರೆಯಾದಾಗ ಇನ್ನೊಂದು ತೊಡಕು. ಎಲ್ಲ ಜೋಡಿಗಳನ್ನೂ ಪಟ್ಟಿಗೆ ಸುರಿದರೆ ಇಬ್ಬರು ಮಕ್ಕಳ ಮನೆಯಿಂದ ಒಂದೇ ಜೋಡಿ, ಆರು ಮಕ್ಕಳ ಮನೆಯಿಂದ 15 ಜೋಡಿ. ದೊಡ್ಡ ಸಂಸಾರಗಳ ದನಿಯೇ ಸಭೆಯನ್ನು ತುಂಬಿಬಿಡುತ್ತದೆ. ಪೋಷಕ–ಮಕ್ಕಳ ಸಹಸಂಬಂಧಕ್ಕೆ ಇದೇ ಸಮಸ್ಯೆಯನ್ನು ರೋಸ್ನರ್, ಡೋನರ್ ಮತ್ತು ಹೆನೆಕೆನ್ಸ್ 1977ರಲ್ಲಿ ಕೈಗೆತ್ತಿಕೊಂಡರು. ಎಲ್ಲ ಜೋಡಿ ಎಣಿಸುವುದೋ, ಮಕ್ಕಳ ಸರಾಸರಿ ಬಳಸುವುದೋ ಎಂಬುದರ ಉತ್ತರ ಮಕ್ಕಳೊಳಗಿನ ಸಹಸಂಬಂಧ ಎಷ್ಟಿದೆ ಎಂಬುದನ್ನೇ ಅವಲಂಬಿಸಿದೆ.

## ಪರೀಕ್ಷೆ ನಡೆಯುವ ರೀತಿ

ಹೆಚ್ಚು ಬಳಕೆಯಲ್ಲಿರುವ ದಾರಿ ಲೈಕ್ಲಿಹುಡ್ ರೇಶಿಯೊ ಪರೀಕ್ಷೆ. ಹೆಸರು ಕೇಳಿ ಬೆಚ್ಚಬೇಕಿಲ್ಲ. ಒಂದು ಅಂಗಿಯನ್ನು ಮೈ ಅಳತೆ ತೆಗೆದು ಹೊಲಿಸುತ್ತೇವೆ, ಇನ್ನೊಂದನ್ನು ಸಿದ್ಧ ಅಳತೆಯಲ್ಲಿ ತರುತ್ತೇವೆ. ಹೊಲಿಸಿದ್ದು ಹೆಚ್ಚು ಒಪ್ಪುವುದು ಖಚಿತ. ಎಷ್ಟು ಹೆಚ್ಚು ಎಂಬುದೇ ಪ್ರಶ್ನೆ. ಹಾಗೆಯೇ ನಾಲ್ಕು ಸಹಸಂಬಂಧಗಳನ್ನೂ ಅವುಗಳ ಪಾಡಿಗೆ ಬಿಟ್ಟ ಮಾದರಿ ಒಂದು, ನಾಲ್ಕೂ ಸಮಾನ ಎಂದು ಕಟ್ಟಿಹಾಕಿದ ಮಾದರಿ ಇನ್ನೊಂದು. ಎರಡೂ ಅಂಕಿಅಂಶಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತವೆ ಎಂಬುದನ್ನು ಲೈಕ್ಲಿಹುಡ್ ಎಂಬ ಅಳತೆ ಹೇಳುತ್ತದೆ. ಅವುಗಳ ಲಾಗರಿದಮ್‌ಗಳ ವ್ಯತ್ಯಾಸವನ್ನು ಇಮ್ಮಡಿ ಮಾಡಿ ಕೈ-ಸ್ಕ್ವೇರ್ ಕೋಷ್ಟಕದ ಅಂಕಿಗೆ ಹೋಲಿಸುತ್ತಾರೆ. ಹೇರಿದ್ದು ಒಂದು ಷರತ್ತಾದರೆ ಶೇಕಡಾ 5ರ ಗಡಿ (ಊಹೆ ನಿಜವಿದ್ದರೂ ನೂರರಲ್ಲಿ ಐದು ಸಲವಷ್ಟೇ ದಾಟುವ ಗಡಿ) 3.84, ಮೂರಾದರೆ 7.81. ನಾಲ್ಕು ಸಮಾನ ಎನ್ನುವುದು ಮೂರು ಷರತ್ತು. ಬಂದ ಅಂಕಿ 5.2 ಎನ್ನಿ, ಸಿದ್ಧ ಅಂಗಿಯೇ ಸಾಕು. 12 ಬಂದರೆ ಸಮಾನ ಎಂಬ ಊಹೆಯನ್ನು ಕೈಬಿಡಬೇಕು.

ಈ ಪರೀಕ್ಷೆಗೂ ತನ್ನದೇ ಊಹೆ ಇದೆ: ಅಳತೆಗಳು ಗಂಟೆಯಾಕಾರದ ನಾರ್ಮಲ್ ಹಂಚಿಕೆಯನ್ನು ಅನುಸರಿಸುತ್ತವೆ ಎಂಬುದು. ತೀರಾ ದೂರದ ಅಳತೆಗಳು ಹೆಚ್ಚಿದ್ದರೆ ಅದು ಸುಳ್ಳೇ ಗಂಟೆ ಬಾರಿಸುತ್ತದೆ. ಆಗ ನನಗೆ ಇಷ್ಟವಾಗುವ ದಾರಿ ಕಲೆಸಾಟ, ಇಸ್ಪೀಟೆಲೆ ಕಲೆಸಿದಂತೆ. ನಮ್ಮ ಎಂಟು ಜನರನ್ನು ಇಬ್ಬಿಬ್ಬರಂತೆ ನಾಲ್ಕು 'ಮನೆ'ಗಳಾಗಿ 105 ಬಗೆಯಲ್ಲಿ ಜೋಡಿಸಬಹುದು. ಮನೆ ಎಂಬುದಕ್ಕೆ ಅರ್ಥವೇ ಇಲ್ಲದಿದ್ದರೆ ಈ 105 ಜೋಡಣೆಗಳೂ ಸಮಾನವಾಗಿ ಸಂಭವನೀಯ. ಒಂದೊಂದನ್ನೂ ಕಾಗದದ ಮೇಲೆ ಬರೆದು ಎಣಿಸಿದೆ. 23 ಜೋಡಣೆಗಳಲ್ಲಿ ಸಹಸಂಬಂಧ 0.45 ಅಥವಾ ಅದಕ್ಕಿಂತ ಹೆಚ್ಚು ಬಂತು. 105ರಲ್ಲಿ 23 ಅಂದರೆ ಸುಮಾರು ಶೇಕಡಾ 22. ಇದೇ ಪಿ-ಮೌಲ್ಯ. ಒಂದು ಸೂತ್ರವನ್ನೂ ನಂಬದೆ, ಯಾವ ಹಂಚಿಕೆಯನ್ನೂ ಊಹಿಸದೆ ಸಿಕ್ಕ ಉತ್ತರ.

0.45 ಎಂಬುದು ಕೇಳಲು ದೊಡ್ಡ ಸಂಖ್ಯೆ. ಆದರೆ ನಾಲ್ಕೇ ಮನೆಗಳಿರುವಾಗ ಬರೀ ಕಲೆಸಾಟದಿಂದಲೂ ಐದರಲ್ಲಿ ಒಂದು ಸಲ ಅಷ್ಟು ಬಂದೇ ಬರುತ್ತದೆ. ಹಾಗೆಂದು ಒಡಹುಟ್ಟಿದವರ ಎತ್ತರಕ್ಕೆ ಸಂಬಂಧವಿಲ್ಲ ಎಂದು ಸಾಬೀತಾಯಿತೇ? ಇಲ್ಲ. ಸಾಕ್ಷಿ ಸಾಲದು ಎಂದಷ್ಟೇ ಆಯಿತು. ಸಣ್ಣ ಅಧ್ಯಯನವೊಂದು "ತಂದೆ ಮತ್ತು ತಾಯಿಯ ಪ್ರಭಾವದಲ್ಲಿ ವ್ಯತ್ಯಾಸ ಕಾಣಲಿಲ್ಲ" ಎಂದಾಗ ಅದನ್ನು "ವ್ಯತ್ಯಾಸ ಇಲ್ಲ" ಎಂದು ಓದುವುದು ಈ ವಿಷಯದಲ್ಲಿ ಅತಿ ಸಾಮಾನ್ಯ ಎಡವಟ್ಟು.

ಇನ್ನೆರಡು ಎಚ್ಚರಿಕೆ, ಚುಟುಕಾಗಿ. ಮನೆಗಳ ನಡುವಿನ ಏರುಪೇರು ಸೊನ್ನೆಗಿಂತ ಕೆಳಗಿಳಿಯಲಾರದು ಎಂಬ ಮಾದರಿಯಲ್ಲಿ "ಅದು ಸೊನ್ನೆಯೇ?" ಎಂದು ಕೇಳಿದರೆ ನಾವು ನಿಂತಿರುವುದು ಗೋಡೆಗೆ ಒತ್ತಿಕೊಂಡು. ಒಂದೇ ದಿಕ್ಕಿಗೆ ಜಾಗವಿರುವುದರಿಂದ ಗಡಿ 3.84 ಅಲ್ಲ, 2.71. ಮತ್ತೆ, ವಯಸ್ಸಿನ ಜೊತೆ ಏರುವ ರಕ್ತದೊತ್ತಡದಂಥ ಅಳತೆಗಳಲ್ಲಿ ಮೊದಲು ವಯಸ್ಸಿನ ಪಾಲನ್ನು ತೆಗೆಯಬೇಕು. ಇಲ್ಲದಿದ್ದರೆ ಒಡಹುಟ್ಟಿದವರು ಹೆಚ್ಚುಕಡಿಮೆ ಒಂದೇ ಪ್ರಾಯದವರು ಎಂಬುದೇ ಆನುವಂಶೀಯತೆಯ ವೇಷ ಹಾಕಿಕೊಂಡು ಬರುತ್ತದೆ.

## ಸಮಾನವಲ್ಲ ಎಂದು ಗೊತ್ತಾದ ಮೇಲೆ

1918ರಲ್ಲಿ ಫಿಶರ್ ಪ್ರಕಟಿಸಿದ ಪ್ರಬಂಧವೊಂದು ಮೆಂಡೆಲ್‌ನ ನಿಯಮಗಳಿಂದ ಬಂಧುಗಳ ಸಹಸಂಬಂಧಗಳನ್ನು ಲೆಕ್ಕಹಾಕಿ ತೋರಿಸಿತು. 'ವೇರಿಯನ್ಸ್' ಎಂಬ ಪದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಇಂದಿರುವ ಅರ್ಥ ಬಂದದ್ದೂ ಅಲ್ಲಿಂದಲೇ. ಅವರು ಎತ್ತಿಕೊಂಡದ್ದು ಪಿಯರ್ಸನ್ ಮತ್ತು ಲೀ ಅವರ ಎತ್ತರದ ಅಂಕಿಗಳನ್ನೇ: ಪೋಷಕ–ಮಗು 0.5066, ಒಡಹುಟ್ಟಿದವರು 0.5433, ಗಂಡ–ಹೆಂಡತಿ 0.2804.

ಸರಳ ಮಾದರಿಯ ಪ್ರಕಾರ ಮೊದಲೆರಡಕ್ಕೂ ಪಾಲು ½. ಆದರೆ ಒಡಹುಟ್ಟಿದವರದ್ದು ಒಂದು ಕೈ ಮೇಲೆ. ಏಕೆ? ಫಿಶರ್ ಕೊಟ್ಟ ಕಾರಣ ಪ್ರಾಬಲ್ಯ, ಅಂದರೆ ಜೋಡಿ ವಂಶವಾಹಿಗಳಲ್ಲಿ ಒಂದು ಇನ್ನೊಂದನ್ನು ಮರೆಮಾಚುವುದು. ಒಡಹುಟ್ಟಿದ ಇಬ್ಬರಿಗೆ ತಂದೆತಾಯಿ ಇಬ್ಬರಿಂದಲೂ ಅದೇ ಜೋಡಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪೋಷಕರಿಂದ ಮಗುವಿಗೆ ದಾಟುವುದು ಜೋಡಿಯಲ್ಲಿ ಒಂದು ಮಾತ್ರ. ಹಾಗಾಗಿ ಪ್ರಾಬಲ್ಯದ ಪಾಲು ಒಡಹುಟ್ಟಿದವರ ಸಹಸಂಬಂಧವನ್ನಷ್ಟೇ ಎತ್ತುತ್ತದೆ. ಗಂಡ ಹೆಂಡತಿಯರ ಸಹಸಂಬಂಧವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅವರು ಪರಿಸರದ ಪಾತ್ರ ತೀರಾ ಕಡಿಮೆ ಎಂಬ ತೀರ್ಮಾನಕ್ಕೆ ಬಂದರು.

ಆದರೆ ಒಂದೇ ಸೂರಿನಡಿ, ಒಂದೇ ಕಾಲದಲ್ಲಿ ಬೆಳೆದ ಮಕ್ಕಳು ಪರಿಸರವನ್ನೂ ಹಂಚಿಕೊಂಡಿರುತ್ತಾರೆ. ತಂದೆತಾಯಿ ಬೆಳೆದದ್ದು ಬೇರೆಯೇ ಸೂರು, ಬೇರೆಯೇ ಕಾಲ. ಅದೂ ಕೂಡ ಒಡಹುಟ್ಟಿದವರ ಸಹಸಂಬಂಧವನ್ನೇ ಮೇಲೆತ್ತುತ್ತದೆ. ಎರಡು ಕಾರಣಗಳು, ಒಂದೇ ಗುರುತು. ಎಷ್ಟೇ ಹೆಚ್ಚು ಜನರನ್ನು ಅಳೆದು ತಂದರೂ 0.5433 ಎಂಬ ಸಂಖ್ಯೆಯೊಂದೇ ಇವೆರಡನ್ನೂ ಬಿಡಿಸಲಾರದು.

ಬಿಡಿಸಲು ಬೇರೆ ಜಾತಿಯ ಜೋಡಿಗಳು ಬೇಕು. ಸಮರೂಪ ಅವಳಿಗಳ ಸಹಸಂಬಂಧದಿಂದ ಸಮರೂಪವಲ್ಲದ ಅವಳಿಗಳದ್ದನ್ನು ಕಳೆದು ಇಮ್ಮಡಿಸಿದರೆ ಆನುವಂಶೀಯತೆಯ ಅಂದಾಜು ಸಿಗುತ್ತದೆ, ಎರಡೂ ಬಗೆಯ ಅವಳಿಗಳು ಪರಿಸರವನ್ನು ಸಮನಾಗಿ ಹಂಚಿಕೊಂಡಿದ್ದಾರೆ ಎಂಬ ಮತ್ತೊಂದು ಊಹೆಯ ಮೇಲೆ. ಒಂದೇ ಮನೆಯಲ್ಲಿ ಬೆಳೆದ, ರಕ್ತಸಂಬಂಧವಿಲ್ಲದ ದತ್ತು ಮಕ್ಕಳ ಜೋಡಿ ಇನ್ನೂ ನೇರ. ದತ್ತು ಕೊಡುವಾಗ ಮನೆ–ಮಗುವಿನ ಹೊಂದಾಣಿಕೆ ನೋಡಿಲ್ಲದಿದ್ದರೆ, ವಂಶವಾಹಿಗಳ ಲೆಕ್ಕದಲ್ಲಿ ಅವರ ಸಹಸಂಬಂಧ ಸೊನ್ನೆ ಇರಬೇಕು. ಅಲ್ಲಿ ಸೊನ್ನೆಗಿಂತ ಮೇಲೆ ಏನು ಉಳಿಯುತ್ತದೋ ಅದು ಸೂರಿನ ಪಾಲು.